ಬೇಜಾರಿನ ಪುಟಗಳೇ ಕೆಲಸಕ್ಕೆ ಬರೋದು

ವ್ಯಕ್ತಿತ್ವ ವಿಕಸನದ ಪುಸ್ತಕಗಳ ವಿಷಯ ಬಂದರೆ ಸಾಕು, ಜನ ಎರಡು ಬಣ ಆಗ್ತಾರೆ. ಒಬ್ಬರಿಗೆ ಅವು ಬದುಕನ್ನೇ ಬದಲಿಸಿದ ಗ್ರಂಥಗಳು. ಇನ್ನೊಬ್ಬರಿಗೆ ನಾಲ್ಕು ಜನರ ಮುಂದೆ ಕೈಯಲ್ಲಿ ಹಿಡಿಯೋಕೂ ನಾಚಿಕೆ ಪಡಬೇಕಾದ ಸರಕು. ನಾನು ಕಾದಂಬರಿಯನ್ನೂ ಓದ್ತೀನಿ, ಇವನ್ನೂ ಓದ್ತೀನಿ. ಹಾಗಾಗಿ ಎರಡೂ ಬಣದವರು ಬೈದರೂ ಬೈಸಿಕೊಳ್ಳೋಕೆ ಸಿದ್ಧ. ಇವು ಕೀಳು ಬರವಣಿಗೆ ಅಂತ ನಾನು ದೂರುತ್ತಿಲ್ಲ. ನನ್ನ ತಕರಾರು ಬೇರೆ. ಇಂಥ ಪುಸ್ತಕದಲ್ಲಿ ಮೈ ಜುಮ್ ಅನ್ನಿಸೋ ಭಾಗ ಯಾವುದಿರುತ್ತೋ, ಬಹಳ ಸಲ ಅದೇ ಎಲ್ಲಕ್ಕಿಂತ ಟೊಳ್ಳು. ನಾವು ಬೇಜಾರು ಅಂತ ಮಗುಚಿ ಹಾಕೋ ಸಪ್ಪೆ ಪುಟವೇ ಗಟ್ಟಿ.

"21 ದಿನ ಬಿಡದೆ ಮಾಡಿದರೆ ಯಾವ ಕೆಲಸವಾದರೂ ಅಭ್ಯಾಸವಾಗುತ್ತೆ." ಈ ಮಾತು ಕೇಳದವರು ಯಾರಿದ್ದೀರಿ ಹೇಳಿ. ವಾಟ್ಸಾಪ್ ಸ್ಟೇಟಸ್‌ನಲ್ಲಿ, ಆಫೀಸಿನ ತರಬೇತಿ ಶಿಬಿರದಲ್ಲಿ, ಹೊಸ ವರ್ಷದ ಸಂಕಲ್ಪಗಳಲ್ಲಿ ಎಲ್ಲಾ ಕಡೆ ಇದೇ. ಈ ಮಾತಿನ ಬೇರು ಹುಡುಕಿಕೊಂಡು ಹೋದರೆ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಸಿಗ್ತಾರೆ. ಆಪರೇಷನ್ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಡೇಪಕ್ಷ ಸುಮಾರು 21 ದಿನ ಬೇಕಾಗುತ್ತೆ ಅಂತ ಅವರು 1960ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಅದು ಒಬ್ಬ ವೈದ್ಯ ತನ್ನ ರೋಗಿಗಳಲ್ಲಿ ಗಮನಿಸಿದ ಸಂಗತಿ. ಬಾಯಿಂದ ಬಾಯಿಗೆ ಹೋಗೋವಾಗ ಮೊದಲು "ಕಡೇಪಕ್ಷ" ಉದುರಿತು, ಆಮೇಲೆ "ಸುಮಾರು" ಉದುರಿತು, ಕೊನೆಗೆ ಮುಖವೂ ಉದುರಿ ಬರೀ 21 ಉಳಿಯಿತು. ಹೊಸ ಮೂಗಿನ ಲೆಕ್ಕ ಬೆಳಗಿನ ಓಟಕ್ಕೂ ಧ್ಯಾನಕ್ಕೂ ಇಂಗ್ಲಿಷ್ ಕಲಿಯೋದಕ್ಕೂ ಅನ್ವಯವಾಗಿಬಿಟ್ಟಿತು!

ಇದನ್ನು ನಿಜವಾಗಿ ಅಳೆದು ನೋಡಿದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಪ್ರತಿಯೊಬ್ಬರೂ ದಿನಕ್ಕೊಂದು ಸಣ್ಣ ಕೆಲಸ ಆರಿಸಿಕೊಂಡಿದ್ದರು. ಬೆಳಗಿನ ತಿಂಡಿ ಆದಮೇಲೆ ಒಂದು ಲೋಟ ನೀರು ಕುಡಿಯೋದು, ಹೀಗೆ. ಅದು ಯೋಚನೆ ಮಾಡದೆ ತಂತಾನೇ ನಡೆಯುವ ಮಟ್ಟಕ್ಕೆ ಬರೋಕೆ ಹಿಡಿದ ಸಮಯ ಸರಾಸರಿ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ, ಹನ್ನೆರಡು ವಾರದಲ್ಲೂ ಮುಗಿಯದ ಇನ್ನೊಬ್ಬರ ಲೆಕ್ಕವನ್ನು ಅಂದಾಜಿನ ಮೇಲೆ ಮುಂದಕ್ಕೆ ಎಳೆದಾಗ ಅದು 254 ದಿನಕ್ಕೆ ಮುಟ್ಟಿತು. ಕಷ್ಟದ ಕೆಲಸಕ್ಕೆ ಜಾಸ್ತಿ ದಿನ, ಸುಲಭದ್ದಕ್ಕೆ ಕಮ್ಮಿ. ಇದೇನು ದೊಡ್ಡ ಸಂಶೋಧನೆ ಅಂತೀರಾ? ಸರಿ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಸಪ್ಪೆ ಮಾತಿದೆ. ಮಧ್ಯೆ ಒಂದು ದಿನ ತಪ್ಪಿಹೋದರೆ ಅಭ್ಯಾಸ ಕೂರೋದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲ್ಲ.

21 ದಿನದ ಚಾಲೆಂಜ್ ತಗೊಂಡವರನ್ನು ನೋಡಿ. ಒಂಬತ್ತನೇ ದಿನ ಜ್ವರ ಬಂದು ಮಲಗಿದರೆ "ಎಲ್ಲಾ ಹಾಳಾಯ್ತು, ಮತ್ತೆ ಒಂದರಿಂದ ಶುರು ಮಾಡಬೇಕು" ಅಂತ ಅವತ್ತೇ ಕೈಬಿಡ್ತಾರೆ. ಹಾಗೆ ಕೈಬಿಡೋ ಎಷ್ಟು ಜನರನ್ನು ಈ ಒಂದು ಸಾಲು ಉಳಿಸಬಹುದಿತ್ತು! ಆದರೆ "ಒಂದಿನ ತಪ್ಪಿದರೆ ಪರವಾಗಿಲ್ಲ" ಅನ್ನೋದನ್ನು ಪೋಸ್ಟರ್ ಮಾಡಿ ಗೋಡೆಗೆ ಯಾರು ಅಂಟಿಸ್ತಾರೆ?

ಸಂಕಲ್ಪಶಕ್ತಿಯ ಕಥೆಯೂ ಹೀಗೇ. ಮನೋಬಲ ಅನ್ನೋದು ಸ್ನಾಯು ಇದ್ದ ಹಾಗೆ, ಬಳಸಿದಷ್ಟೂ ದಣಿಯುತ್ತೆ ಅನ್ನೋದಕ್ಕೆ 1998ರ ಒಂದು ಪ್ರಯೋಗ ಆಧಾರ. ಆಗತಾನೇ ಬೆಂದ ಚಾಕೊಲೇಟ್ ಕುಕಿಗಳ ಘಮ ತುಂಬಿದ ಕೋಣೆಗೆ ವಿದ್ಯಾರ್ಥಿಗಳನ್ನು ಕರೆತಂದು ಕೆಲವರಿಗೆ "ಕುಕಿ ಮುಟ್ಟಬೇಡಿ, ಈ ಮೂಲಂಗಿ ತಿನ್ನಿ" ಅಂದರು. ಆಮೇಲೆ ಎಲ್ಲರಿಗೂ ಬಿಡಿಸಲಾಗದ ಒಗಟು ಕೊಟ್ಟರು. ಮೂಲಂಗಿಯವರು ಎಂಟು ನಿಮಿಷದ ಆಸುಪಾಸಿನಲ್ಲಿ ಕೈಚೆಲ್ಲಿದರು, ಕುಕಿ ತಿಂದವರು ಹತ್ತೊಂಬತ್ತು ನಿಮಿಷದ ತನಕ ಒದ್ದಾಡಿದರು. ಎಂಥಾ ಚಂದದ ಕಥೆ! ಎಷ್ಟು ಪುಸ್ತಕಗಳ ಅಧ್ಯಾಯಗಳಿಗೆ ಇದು ಅಡಿಪಾಯವಾಯಿತೋ. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, 2,000ಕ್ಕೂ ಹೆಚ್ಚು ಜನರ ಮೇಲೆ, ಈ ದಣಿವಿನ ಸಿದ್ಧಾಂತವನ್ನು ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಒರೆಗೆ ಹಚ್ಚಿದವು. ಸಿಕ್ಕ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಜಗಳ ಇನ್ನೂ ಮುಗಿದಿಲ್ಲ ಬಿಡಿ, ಆದರೆ ಪುಸ್ತಕಗಳಲ್ಲಿದ್ದ ಆ ಠೇಂಕಾರಕ್ಕೆ ಈಗ ಆಧಾರವಿಲ್ಲ.

ಮಾರ್ಷ್‌ಮ್ಯಾಲೊ ಪ್ರಯೋಗದ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಅದು ಅಪ್ಪ ಅಮ್ಮಂದಿರ ತಲೆ ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞ ಶುರು ಮಾಡಿದ್ದು. ಮಗುವಿನ ಮುಂದೆ ಒಂದು ಸಿಹಿ ಇಟ್ಟು, "ನಾನು ಬರೋ ತನಕ ತಿನ್ನದೆ ಕಾದರೆ ಎರಡು ಕೊಡ್ತೀನಿ" ಅಂತ ಹೇಳಿ ಹೋಗೋದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಮೇಲೆ ಬಂದರು ಅನ್ನೋದು ಅದರ ಸುತ್ತ ಬೆಳೆದ ಪುರಾಣ. ಆ ಮಕ್ಕಳು ವಿಶ್ವವಿದ್ಯಾಲಯದ ಆವರಣದಲ್ಲೇ ಇದ್ದ ಶಿಶುವಿಹಾರದವರು, ಅಂದರೆ ಹೆಚ್ಚಾಗಿ ಓದಿದವರ ಮನೆಯ ಮಕ್ಕಳು ಅನ್ನೋದನ್ನು ಮಾತ್ರ ಯಾರೂ ಒತ್ತಿ ಹೇಳಲಿಲ್ಲ. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ ಆ ನಂಟು ಅರ್ಧಕ್ಕೆ ಇಳಿಯಿತು. ಮನೆಯ ಆದಾಯ, ತಾಯಿಯ ಓದು, ಮಗುವಿನ ಬುದ್ಧಿಮಟ್ಟ ಇವನ್ನೂ ಲೆಕ್ಕಕ್ಕೆ ತಗೊಂಡಾಗ ಉಳಿದಿದ್ದೂ ಬಹುಪಾಲು ಕರಗಿತು.

ನನಗೆ ಇದಕ್ಕಿಂತ ಹಿಡಿಸಿದ್ದು 2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದ ಒಂದು ಪುಟ್ಟ ಪ್ರಯೋಗ. ಅಲ್ಲಿ ಸಿಹಿ ಇಡೋಕೆ ಮೊದಲೇ ಮಗುವಿಗೆ ಹಳೇ ಬಳಪಗಳನ್ನು ಕೊಟ್ಟು, "ತಾಳು, ಇದಕ್ಕಿಂತ ಒಳ್ಳೆಯ ಬಣ್ಣ ತರ್ತೀನಿ" ಅಂತ ದೊಡ್ಡವರು ಹೊರಗೆ ಹೋಗ್ತಾರೆ. ಅರ್ಧ ಮಕ್ಕಳ ಪಾಲಿಗೆ ಹೇಳಿದಂತೆ ತಂದುಕೊಡ್ತಾರೆ. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಲಿ ಬಂದು, "ಸಾರಿ, ನಮ್ಮ ಹತ್ತಿರ ಬೇರೆ ಇಲ್ಲ" ಅಂತಾರೆ. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಮೂರೇ ನಿಮಿಷ. ಬರೀ 28 ಮಕ್ಕಳ ಪ್ರಯೋಗ, ಹಾಗಾಗಿ ಇದನ್ನೂ ತಲೆ ಮೇಲೆ ಹೊತ್ತುಕೊಂಡು ತಿರುಗೋದು ಬೇಡ. ಆದರೆ ಅದು ಎತ್ತಿದ ಪ್ರಶ್ನೆ ಸಣ್ಣದಲ್ಲ. ಕೊಟ್ಟ ಮಾತನ್ನು ಯಾರೂ ನಡೆಸಿಕೊಡದ ಮನೆಯಲ್ಲಿ ಬೆಳೆದ ಮಗು ಸಿಕ್ಕಿದ್ದನ್ನು ತಕ್ಷಣ ಬಾಯಿಗೆ ಹಾಕಿಕೊಂಡರೆ ಅದನ್ನು ಮನಸ್ಸಿನ ದೌರ್ಬಲ್ಯ ಅನ್ನೋಣವೋ, ಜಾಣತನ ಅನ್ನೋಣವೋ?

ಇವೆಲ್ಲಾ ಯಾಕೆ ಹೀಗಾಗುತ್ತೆ? ಲೇಖಕರೆಲ್ಲಾ ಮೋಸಗಾರರು ಅಂತ ನಾನು ಹೇಳಲ್ಲ. ಪುಸ್ತಕ ಮಾರಾಟವಾಗಬೇಕು ಅಂದರೆ ಓದುಗ "ಹೌದಾ!" ಅನ್ನಬೇಕು. "ಹೌದಾ" ಅನ್ನಿಸೋ ಸಂಗತಿ ಅಂದರೆ ನಮ್ಮ ಈವರೆಗಿನ ಅನುಭವಕ್ಕೆ ಒಪ್ಪದ ಸಂಗತಿ. ಅನುಭವಕ್ಕೆ ಒಪ್ಪದ ಸಂಗತಿ ಸುಳ್ಳಾಗಿರುವ ಸಾಧ್ಯತೆಯೂ ಜಾಸ್ತಿ. ಸಂಶೋಧನಾ ಪತ್ರಿಕೆಗಳೂ ಇದೇ ಅಚ್ಚರಿಯನ್ನು ಆರಿಸಿದವು, ಪುಸ್ತಕಗಳು ಅದರಿಂದ ಇನ್ನೂ ಅಚ್ಚರಿಯದನ್ನು ಆರಿಸಿದವು, ಭಾಷಣಕಾರರು ಅದರಿಂದಲೂ ಹೆಕ್ಕಿದರು. ಹೀಗೆ ಮೂರು ಸಲ ಜರಡಿ ಹಿಡಿದ ಮೇಲೆ ನಮ್ಮ ಕೈಗೆ ಬರೋದು ಎಲ್ಲಕ್ಕಿಂತ ರೋಚಕವಾದದ್ದು, ಎಲ್ಲಕ್ಕಿಂತ ಅನುಮಾನದ್ದು. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಗಟ್ಟಿಯಾಗಿ ನಿಂತವು ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ ಅಷ್ಟೇ. ಪ್ರಾಮಾಣಿಕತೆ ಹೆಚ್ಚಿಸೋದು ಹೇಗೆ ಅಂತ 2012ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಬಂಧವನ್ನು 2021ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಕಾರಣ, ಅದರಲ್ಲಿದ್ದ ಒಂದು ದತ್ತಾಂಶವೇ ಕಟ್ಟುಕಥೆ. ಪ್ರಾಮಾಣಿಕತೆಯ ಬಗ್ಗೆ! ಕಥೆಗಾರ ಬರೆದಿದ್ದರೆ ಅತಿಯಾಯ್ತು ಅಂತಿದ್ದೆವು.

ಒಪ್ಪಿಕೊಂಡವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವ. ಎದೆ ಸೆಟೆಸಿ ನಿಂತರೆ ಧೈರ್ಯ ಬರುತ್ತೆ ಅನ್ನೋ "ಪವರ್ ಪೋಸ್" ಸಂಶೋಧನೆಯ ಮೊದಲ ಲೇಖಕಿ ಡೇನಾ ಕಾರ್ನಿ, ಆ ಪರಿಣಾಮ ನಿಜ ಅಂತ ತಾನೇ ಈಗ ನಂಬಲ್ಲ ಅಂತ 2016ರಲ್ಲಿ ಬಹಿರಂಗವಾಗಿ ಬರೆದರು. ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ತಮ್ಮ ಜನಪ್ರಿಯ ಪುಸ್ತಕದ ಒಂದು ಅಧ್ಯಾಯದಲ್ಲಿ ಸಣ್ಣ ಸಣ್ಣ ಪ್ರಯೋಗಗಳನ್ನು ಅತಿಯಾಗಿ ನಂಬಿಬಿಟ್ಟೆ ಅಂತ 2017ರಲ್ಲಿ ಒಪ್ಪಿಕೊಂಡರು. ಪುಸ್ತಕ ಮಾತ್ರ ಹಳೆಯ ಅಧ್ಯಾಯದ ಸಮೇತ ಈಗಲೂ ಮಾರಾಟವಾಗುತ್ತಿದೆ. ಪುಸ್ತಕಕ್ಕೆ ಅಪ್‌ಡೇಟ್ ಬರಲ್ಲವಲ್ಲ.

"ಸಂಶೋಧನೆ ಹೇಳುತ್ತೆ" ಅನ್ನೋ ವರಸೆ ಈಚಿನದು. ಹಳಬರ ದಾರಿ ಬೇರೆ ಇತ್ತು, ಅವರು ಮಹಾಪುರುಷರ ಕಥೆ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಈ ಪ್ರಕಾರಕ್ಕೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಸ್ಮೈಲ್ಸ್‌ನ "ಸೆಲ್ಫ್ ಹೆಲ್ಪ್" ಪುಸ್ತಕ ಬಂದಿದ್ದು 1859ರಲ್ಲಿ. ಅದೇ ವರ್ಷ ಅದೇ ಪ್ರಕಾಶಕರಿಂದ ಡಾರ್ವಿನ್ನನ ಜೀವವಿಕಾಸದ ಪುಸ್ತಕವೂ ಬಂತು. ಸ್ಮೈಲ್ಸ್ ತುಂಬಿದ್ದು ಎಂಜಿನಿಯರುಗಳು, ಕುಂಬಾರರು, ಹೊಸದೇನನ್ನೋ ಕಂಡುಹಿಡಿದವರ ಜೀವನಚಿತ್ರಗಳನ್ನು. ಬಡತನದಲ್ಲಿ ಹುಟ್ಟಿ, ದುಡಿದು, ಸೋತು, ಗೆದ್ದವರು. ಓದೋಕೆ ಈಗಲೂ ಖುಷಿಯಾಗುತ್ತೆ. ಆದರೆ ಅಷ್ಟೇ ದುಡಿದು, ಅಷ್ಟೇ ಸೋತು, ಗೆಲ್ಲದೆ ಹೋದವನ ಜೀವನಚರಿತ್ರೆಯನ್ನು ಯಾರು ಬರೀತಾರೆ? ಬೆಳಗ್ಗೆ ನಾಲ್ಕಕ್ಕೆ ಎದ್ದು ಕೋಟ್ಯಧೀಶನಾದವನ ಸಂದರ್ಶನ ಇದೆ. ನಾಲ್ಕಕ್ಕೇ ಎದ್ದು ಜೀವಮಾನವಿಡೀ ಸಾಲ ತೀರಿಸಿದ ಲಕ್ಷಾಂತರ ಜನರ ಸಂದರ್ಶನ ಎಲ್ಲಿದೆ?

ಗ್ರಂಥಾಲಯದಿಂದ ಇಂಥ ಪುಸ್ತಕ ತಂದರೆ ನಾನು ಮೊದಲು ನೋಡೋದು ಪೆನ್ಸಿಲ್ ಗೆರೆಗಳನ್ನು. ಮೊದಲ ಅಧ್ಯಾಯದಲ್ಲಿ ಗೆರೆಗಳ ಸುಗ್ಗಿ, ಅಂಚಿನಲ್ಲಿ ನಕ್ಷತ್ರ, "ಸೂಪರ್" ಅಂತ ಒಕ್ಕಣೆ. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಮೂರನೆಯದರ ಮಧ್ಯೆ ಎಲ್ಲೋ ಗೆರೆ ನಿಂತುಹೋಗುತ್ತೆ. ಅಲ್ಲಿಂದಾಚೆ ಹಾಳೆ ಹೊಸದರಂತೆ, ಬೆರಳಿನ ಗುರುತೂ ಇಲ್ಲದೆ. ಬಹುಪಾಲು ಪುಸ್ತಕಗಳಲ್ಲಿ "ಈಗ ಒಂದು ಹಾಳೆ ತಗೊಂಡು ಬರೆಯಿರಿ" ಅನ್ನೋ ಅಭ್ಯಾಸಗಳು ಶುರುವಾಗೋದು ಅದರ ನಂತರವೇ. ಆರಂಭಶೂರತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದಕ್ಕೆ ಸೋಮಾರಿತನ ಒಂದೇ ಕಾರಣ ಅಂತ ನನಗನ್ನಿಸಲ್ಲ. ಗೇಬ್ರಿಯೆಲ್ ಓಟಿಂಗನ್ ಅನ್ನೋ ಮನಶ್ಶಾಸ್ತ್ರಜ್ಞೆ ಬಹಳ ವರ್ಷ ಕೆಲಸ ಮಾಡಿದ್ದು ಹಗಲುಗನಸಿನ ಮೇಲೆ. ಓದು ಮುಗಿಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಳ್ಳೆಯ ಕೆಲಸ ಸಿಕ್ಕಂತೆ ಪದೇ ಪದೇ ಸುಖವಾಗಿ ಕಲ್ಪಿಸಿಕೊಂಡವರು, ಎರಡು ವರ್ಷದ ನಂತರ ನೋಡಿದರೆ, ಅರ್ಜಿ ಹಾಕಿದ್ದೇ ಕಮ್ಮಿ. ಕರೆ ಬಂದಿದ್ದು ಕಮ್ಮಿ, ಸಂಬಳವೂ ಕಮ್ಮಿ. ಗಮನಿಸಿ, "ನನಗೆ ಕೆಲಸ ಸಿಗುತ್ತೆ" ಅಂತ ತನ್ನ ಹಿಂದಿನ ಅನುಭವ ನೋಡಿಕೊಂಡು ನಿರೀಕ್ಷೆ ಇಟ್ಟುಕೊಂಡವರ ಕಥೆ ಬೇರೆ, ಅವರು ಮುಂದೆ ಬಂದರು. ಸಿಕ್ಕೇಬಿಟ್ಟಿದೆ ಅನ್ನೋ ಸುಖವನ್ನು ಮೊದಲೇ ಉಂಡವರು ಹಿಂದುಳಿದರು. ಮೊದಲ ಅಧ್ಯಾಯ ನಮಗೆ ಕೊಡೋದು ಈ ಮುಂಗಡ ಸುಖವನ್ನೇ ಅನ್ನೋದು ನನ್ನ ಊಹೆ. ಓದಿ ಮುಗಿಸೋ ಹೊತ್ತಿಗೆ ಬದಲಾಗಿಯೇಬಿಟ್ಟೆ ಅನ್ನೋ ಹಗುರ. ಬದಲಾದ ಮೇಲೆ ಮೂರನೇ ಅಧ್ಯಾಯ ಯಾಕೆ ಬೇಕು?

ಗಟ್ಟಿ ಪುಟ ಅಂದೆನಲ್ಲ, ಅದರ ಒಂದು ಮಾದರಿ ಕೊಡ್ತೀನಿ. ಪೀಟರ್ ಗಾಲ್ವಿಟ್ಸರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ರಜೆಯಲ್ಲಿ ಒಂದು ಕೆಲಸ ಒಪ್ಪಿಸಿದರು. ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಬೇಕು. ರಜೆ, ಮನೆ ತುಂಬ ಜನ, ಯಾರಿಗೆ ಬೇಕು? ಅವರಲ್ಲಿ ಅರ್ಧ ಜನಕ್ಕೆ ಮಾತ್ರ "ಯಾವಾಗ ಬರೀತೀರಿ, ಎಲ್ಲಿ ಕೂತು ಬರೀತೀರಿ, ಅದನ್ನು ಈಗಲೇ ನಿರ್ಧರಿಸಿ" ಅಂದಿದ್ದರು. ಹಾಗೆ ನಿರ್ಧರಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹೇಳಿದ ಸಮಯಕ್ಕೆ ಬರೆದರು, ಉಳಿದವರಲ್ಲಿ ಮೂರನೇ ಒಂದು ಪಾಲು. ಆಮೇಲೆ ಈ ಬಗೆಯ ಪ್ರಯೋಗಗಳು ಎಷ್ಟೋ ಆದವು. 2006ರಲ್ಲಿ ಅಂಥ 94 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಫಲ ಚೆನ್ನಾಗಿಯೇ ಇತ್ತು.

ಅಂದರೆ "ದಿನಾ ವ್ಯಾಯಾಮ ಮಾಡ್ತೀನಿ" ಅನ್ನೋ ಬದಲು "ಸಂಜೆ ಆಫೀಸಿನಿಂದ ಬಂದು ಬ್ಯಾಗ್ ಕೆಳಗಿಟ್ಟ ತಕ್ಷಣ, ಕೂರೋದಕ್ಕೆ ಮೊದಲು, ಶೂ ಬಿಚ್ಚದೆ ಹಾಗೇ ಹೊರಗೆ ನಡೆಯೋಕೆ ಹೋಗ್ತೀನಿ" ಅನ್ನೋದು. ಇದರಲ್ಲಿ ಕನಸಿಲ್ಲ, ಸಿಂಹ ಇಲ್ಲ, ಹದ್ದು ಇಲ್ಲ, ಬೆಟ್ಟದ ತುದಿಯ ಫೋಟೋ ಇಲ್ಲ. ಬ್ಯಾಗ್ ಕೆಳಗಿಡೋ ಕ್ಷಣ ಒಂದಿದೆ. ಆ ಕ್ಷಣದಲ್ಲಿ "ಇವತ್ತು ಹೋಗೋದಾ ಬೇಡವಾ" ಅನ್ನೋ ಪಂಚಾಯಿತಿ ನಡೆಸೋಕೆ ಮನಸ್ಸಿಗೆ ಅವಕಾಶ ಸಿಗಲ್ಲ, ಯಾಕಂದ್ರೆ ತೀರ್ಮಾನ ಮೊದಲೇ ಆಗಿದೆ. ಇದು ಮ್ಯಾಜಿಕ್ ಅಲ್ಲ, ಮಾಡುವ ಇಷ್ಟವೇ ಇಲ್ಲದವನನ್ನು ಇದು ಎಬ್ಬಿಸಲ್ಲ. ಮಾಡಬೇಕು ಅಂದುಕೊಂಡೂ ಮಾಡದೆ ಉಳಿಯುವ ನಮ್ಮಂಥವರಿಗೆ ಮಾತ್ರ.

"ಆ ಪುಸ್ತಕ ಓದಿಯೇ ನನ್ನ ಕೆಟ್ಟ ದಿನಗಳು ದಾಟಿದವು" ಅಂತ ಕಾಮೆಂಟಿನಲ್ಲಿ ಬರೆಯೋರು ಇರ್ತೀರಿ. ಇದನ್ನು ನಾನು ಅಲ್ಲಗಳೆಯಲ್ಲ. ಯಾರೂ ಜೊತೆಗಿಲ್ಲದಾಗ ಒಂದು ಸಾಲು ಕೈ ಹಿಡಿದರೆ ಅದು ಸಣ್ಣದೇನೂ ಅಲ್ಲ, ಅದಕ್ಕೆ ಪ್ರಯೋಗಾಲಯದ ಸೀಲು ಬೇಕಾಗಿಲ್ಲ. ನನಗೆ ಕೋಪ ಬರೋದು ಅದೇ ಸಾಲನ್ನು ಬೇರೆಯವರ ತಲೆಗೆ ಎತ್ತಿ ಹೊಡೆಯೋವಾಗ. ವಾರಗಟ್ಟಲೆ ನಿದ್ದೆಯಿಲ್ಲದೆ, ಹಾಸಿಗೆಯಿಂದ ಏಳೋಕೂ ಆಗದೆ ಒದ್ದಾಡುವವರಿಗೆ "ಪಾಸಿಟಿವ್ ಆಗಿ ಯೋಚನೆ ಮಾಡು, ಈ ಪುಸ್ತಕ ಓದು" ಅಂತ ಕೊಡೋದು ಕ್ರೌರ್ಯ. ಅವರಿಗೆ ಬೇಕಾದ್ದು ವೈದ್ಯರು. ಸಂಬಳ ಹೆಚ್ಚಿಸದೆ, ಕೆಲಸ ಇಬ್ಬರದ್ದು ಒಬ್ಬರ ಮೇಲೆ ಹೇರಿ, ಕೊನೆಗೆ "ಮೋಟಿವೇಷನ್" ಶಿಬಿರ ಇಡುವ ಮ್ಯಾನೇಜರುಗಳ ಬಗ್ಗೆ ಬರೆಯೋಕೆ ಹೋದರೆ ಇನ್ನೊಂದು ಪೋಸ್ಟ್ ಆಗುತ್ತೆ.

ಯಾವ ಪುಸ್ತಕ ಓದಲಿ ಅಂತ ಇನ್‌ಬಾಕ್ಸ್‌ಗೆ ಬರೋರಿಗೆ ಹೆಸರು ಹೇಳೋಕೆ ನನಗೆ ಇಷ್ಟವಿಲ್ಲ. ಅಂಗಡಿಯಲ್ಲಿ ನಿಂತೇ ಕೊನೆಯ ಪುಟಗಳನ್ನು ತೆಗೆಯಿರಿ. ಟಿಪ್ಪಣಿಗಳಿದ್ದರೆ, ಆ ಪ್ರಯೋಗ ಎಷ್ಟು ಜನರ ಮೇಲೆ ನಡೆಯಿತು, ಬೇರೆಯವರು ಮತ್ತೆ ಮಾಡಿ ನೋಡಿದರಾ ಅಂತ ಲೇಖಕ ಹೇಳಿದ್ದಾನಾ ನೋಡಿ. ಆಮೇಲೆ ಮಧ್ಯದ ಯಾವುದಾದರೂ ಒಂದು ಪುಟ ಓದಿ. ನಾಳೆ ಸಂಜೆ ಆರು ಗಂಟೆಗೆ ನೀವು ಏನು ಮಾಡಬೇಕು ಅನ್ನೋದು ಅಲ್ಲಿದ್ದರೆ ತಗೊಳ್ಳಿ. ನೀವು ಎಂಥಾ ಅದ್ಭುತ ವ್ಯಕ್ತಿ ಅನ್ನೋದಷ್ಟೇ ಇದ್ದರೆ ವಾಪಸ್ ಇಡಿ, ಅದನ್ನು ನಿಮ್ಮ ಸ್ನೇಹಿತರು ಪುಕ್ಕಟೆ ಹೇಳ್ತಾರೆ.