ಮಾನಸಿಕ ಕಾಯಿಲೆಗೆ ಯುಡಿಐಡಿ ಕಾರ್ಡ್ ಬೇಕಾ, ಬೇಡವಾ?

ಪರ: ಮಾಡಿಸಿಡಿ, ಬೀರುವಿನಲ್ಲಿ ಬಿದ್ದಿದ್ದರೂ ಪರವಾಗಿಲ್ಲ

ಅಣ್ಣನಿಗೆ ಯುಡಿಐಡಿ, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸೋಣ ಅಂದ ದಿನ ಅಮ್ಮ ರಾತ್ರಿ ಊಟ ಮಾಡಲಿಲ್ಲ. "ಕೈಕಾಲು ನೆಟ್ಟಗಿರೋ ಮಗನನ್ನ ಅಂಗವಿಕಲ ಅಂತ ಬರೆಸ್ತೀಯಾ?" ಅಂತ ಒಂದೇ ಮಾತು.

ಅಣ್ಣ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಶುರುವಾಯಿತು. ಮಾತ್ರೆಯಿಂದ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು. ಹುಮ್ಮಸ್ಸು ಮಾತ್ರ ವಾಪಸ್ ಬರಲಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು. ದನಿ, ಅನುಮಾನಗಳಿಗೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ, ಮಂಕುತನಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಬೀದಿಯವರ ಕಣ್ಣಿಗೆ ಅವನು ಕಾಯಿಲೆಯವನಲ್ಲ, ಕೂತು ತಿನ್ನುವ ಸೋಮಾರಿ. ನಂಟರೂ ಹಾಗೇ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ, ಕೆಲವು ದಿನ ನಾನೂ.

ಆ 'ಸೋಮಾರಿ' ಅನ್ನುವ ಮಾತನ್ನು ಅಳಿಸಿದ್ದು ಈ ಕಾರ್ಡ್. 1995ರ ಅಂಗವಿಕಲರ ಕಾಯ್ದೆಯಲ್ಲೂ ಮಾನಸಿಕ ಕಾಯಿಲೆಯ ಹೆಸರಿತ್ತು. ಆದರೆ ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಇವರಿಗೆ ಪಾಲು ಇರಲಿಲ್ಲ. ಅದು ಸಿಕ್ಕಿದ್ದು 2016ರ ಕಾಯ್ದೆಯಲ್ಲಿ. ಅದರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ, ಕೆಲಸದಲ್ಲಿ 4% ಮೀಸಲಾತಿ ಇದೆ, ಅದರೊಳಗೆ ಇವರಿಗೂ ಒಂದು ಪಾಲು. ಅಣ್ಣ ಪರೀಕ್ಷೆ ಬರೆದು ನೌಕರಿಗೆ ಸೇರುತ್ತಾನೆ ಅಂತಲ್ಲ. ಕೆಲಸ ಮಾಡಲಾಗದಿರುವುದು ಅವನ ಗುಣ ಅಲ್ಲ, ಕಾಯಿಲೆ ಅಂತ ಸರ್ಕಾರದ ಮುದ್ರೆ ಬಿತ್ತು. ಅಷ್ಟು ಸಾಕಿತ್ತು ನಮಗೆ.

ಕಾರ್ಡಿಗಾಗಿ ಡಾಕ್ಟರು ಪರೀಕ್ಷೆ ಮಾಡಿದ ದಿನದ ಕಥೆ ಹೇಳಲೇಬೇಕು. ಅಮ್ಮ ಬೆಳಗ್ಗೆಯೇ ಅಣ್ಣನಿಗೆ ಶೇವಿಂಗ್ ಮಾಡಿಸಿ, ಇಸ್ತ್ರಿ ಷರ್ಟ್ ಹಾಕಿಸಿ, ಹಣೆಗೆ ವಿಭೂತಿ ಇಟ್ಟು, ಗಂಡು ನೋಡೋಕೆ ಬಂದವರ ಮುಂದೆ ಕೂರಿಸೋ ಹಾಗೆ ರೆಡಿ ಮಾಡಿದ್ದರು. ಡಾಕ್ಟರು, "ದಿನಾ ಸ್ನಾನ ಮಾಡ್ತೀರಾ?" ಅಂದರು. "ಹೂಂ ಸಾರ್." "ಊಟ?" "ಹೂಂ ಸಾರ್." ಅಮ್ಮನ ಮುಖದಲ್ಲಿ ಹೆಮ್ಮೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನೀರು ಕಾಯಿಸಿ, ನಾಲ್ಕು ಸಲ ಕೂಗಿ, ಕೊನೆಗೆ ಕೈಹಿಡಿದು ಬಚ್ಚಲಿಗೆ ಕಳಿಸೋದು ಯಾರು? ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಡಾಕ್ಟರ ಪೆನ್ನು ಓಡಿತು.

ಅವರು ಅಳೆಯುವುದು 'ಐಡಿಯಾಸ್' ಅನ್ನುವ ಅಳತೆಗೋಲಿನಲ್ಲಿ. ತನ್ನ ಮೈ ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು-ತಿಳಿವಳಿಕೆ, ಕೆಲಸ. ನಾಲ್ಕಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೆ ಬೇರೆ ಅಂಕ. ಒಟ್ಟು 20ಕ್ಕೆ 7 ಮುಟ್ಟಿದರೆ 40% ವೈಕಲ್ಯ, ಅಲ್ಲಿಂದ ಸೌಲಭ್ಯದ ಬಾಗಿಲು ತೆರೆಯುತ್ತದೆ. ಹೇಳದೆ ಕೇಳದೆ ತಾನಾಗಿ ಏನು ಮಾಡುತ್ತಾನೆ ಅನ್ನುವುದೇ ಇಲ್ಲಿ ಲೆಕ್ಕ. ಹೋಗುವ ಮುಂಚೆ ಒಂದು ವಾರದ ದಿನಚರಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಳ್ಳು ಬೇಡ, ಮುಚ್ಚುಮರೆಯೂ ಬೇಡ.

ಕಾರ್ಡಿನಿಂದ ಸಿಗುವ ಮಾಸಾಶನ ದೊಡ್ಡ ಮೊತ್ತವೇನಲ್ಲ. ಆದರೆ ಅದು ಅಣ್ಣನ ಹೆಸರಿನ ಖಾತೆಗೆ ಬೀಳುತ್ತದೆ. ತಿಂಗಳಿಗೊಮ್ಮೆ ಅವನೇ ಬ್ಯಾಂಕಿಗೆ ಹೋಗಿ, ಬರುವಾಗ ಪೇಪರು, ಅಮ್ಮನಿಗೆ ಎಲೆಅಡಿಕೆ ತರುತ್ತಾನೆ. ಇನ್ನೊಂದು ಲಾಭ ಯಾರೂ ಹೇಳಿರಲಿಲ್ಲ. ಅಪ್ಪ ರೈಲ್ವೆಯಲ್ಲಿದ್ದವರು. ಮಾನಸಿಕ ಕಾಯಿಲೆಯಿಂದ ಸ್ವಂತ ದುಡಿಮೆ ಮಾಡಲಾಗದ ಮಕ್ಕಳಿಗೆ ತಂದೆತಾಯಿಯ ನಂತರ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ಅದಕ್ಕೆ ವೈಕಲ್ಯದ ದಾಖಲೆ ಬೇಕೇ ಬೇಕು. ಅಪ್ಪ ಇರುವಾಗಲೇ ಅದನ್ನು ಸೇರಿಸಿದೆವು. "ನಾವು ಹೋದ ಮೇಲೆ ಇವನ ಗತಿ ಏನು" ಅಂತ ಅಮ್ಮ ರಾತ್ರಿ ಎದ್ದು ಕೂರೋದು ಆಮೇಲೆ ಸ್ವಲ್ಪ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ವಿರೋಧ: ಮುಖ ನಮ್ಮದು, ಆಸೆ ನಿಮ್ಮದು

ಕಾರ್ಡ್ ಮಾಡಿಸಿ ಅನ್ನುವವರೆಲ್ಲ ಅಕ್ಕ-ತಂಗಿಯರು, ಅಮ್ಮಂದಿರು. ಕಾರ್ಡಿನ ಮೇಲೆ ಫೋಟೊ ಇರುವುದು ನಮ್ಮದು. ಮೇಲಿನ ಬರಹದಲ್ಲಿ ಅಮ್ಮ ಏನಂದರು, ಡಾಕ್ಟರು ಏನಂದರು ಎಲ್ಲ ಇದೆ. ಅಣ್ಣನ ಮಾತು ಎರಡು ಸಲ "ಹೂಂ ಸಾರ್", ಅಷ್ಟೇ. ಕಾರ್ಡ್ ಬೇಕಾ ಅಂತ ಅವರನ್ನು ಯಾರಾದರೂ ಕೇಳಿದಿರಾ?

ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಹನ್ನೊಂದು ವರ್ಷದಿಂದ ಅದಕ್ಕೆ ಲಿಥಿಯಂ ಮಾತ್ರೆ ನುಂಗುತ್ತಿದ್ದೇನೆ. ಕೆಲಸಕ್ಕೆ ಹೋಗುತ್ತೇನೆ, ಬಾಡಿಗೆ ನಾನೇ ಕಟ್ಟುತ್ತೇನೆ. ಎರಡು ವರ್ಷಕ್ಕೊಮ್ಮೆ ಕಾಯಿಲೆ ಕೆರಳಿದರೆ ಎರಡು ತಿಂಗಳು ನಾನು ನಾನಾಗಿರುವುದಿಲ್ಲ. ಆಮೇಲೆ ಮತ್ತೆ ಮೊದಲಿನ ಹಾಗೆ. ಇದನ್ನು ನೂರಕ್ಕೆ ಎಷ್ಟು ಅಂತ ಬರೆಯುತ್ತೀರಿ? ಚೆನ್ನಾಗಿರುವ ದಿನ ಹೋದರೆ 40% ಬರುವುದಿಲ್ಲ. ಕೆರಳಿದ ದಿನ ನಾನು ಕ್ಯೂನಲ್ಲಿ ನಿಲ್ಲುವ ಸ್ಥಿತಿಯಲ್ಲೇ ಇರುವುದಿಲ್ಲ.

ಇನ್ನೂ ಕೆಟ್ಟದ್ದೆಂದರೆ, ಇದು ಚೇತರಿಕೆಗೆ ದಂಡ ಹಾಕುವ ಲೆಕ್ಕ. ಮಾತ್ರೆ ಸರಿಯಾಗಿ ತಗೊಂಡು, ನಾಲ್ಕು ಜನರ ಜೊತೆ ಬೆರೆತು, ಸಣ್ಣದೊಂದು ಕೆಲಸ ಹಿಡಿದರೆ ಅಂಕ ಇಳಿಯುತ್ತದೆ. ಮರುಪರೀಕ್ಷೆಯಲ್ಲಿ 40ರ ಕೆಳಗೆ ಬಂದರೆ ಮಾಸಾಶನ ಹೋಯಿತು. ಮನೆಯವರಿಗೆ ಆ ದುಡ್ಡೇ ಆಧಾರವಾದರೆ, ಮಗ ಕೆಲಸಕ್ಕೆ ಹೋಗುತ್ತೇನೆ ಅಂದಾಗ "ಯಾಕಪ್ಪ, ಸುಮ್ನೆ ಇರು" ಅನ್ನುತ್ತಾರೆ. ಅವರ ತಪ್ಪಲ್ಲ. ಲೆಕ್ಕವೇ ಹಾಗಿದೆ.

ಹೆಸರಿನ ವಿಷಯಕ್ಕೆ ಬರೋಣ. ಅಂಗವಿಕಲ ಅನ್ನುವುದು ಒರಟಾಯಿತು ಅಂತ 'ವಿಕಲಚೇತನ' ಅಂದರು. ಕಾಲಿಲ್ಲದವರಿಗೆ ಅದು ಗೌರವವೋ ಏನೋ. ನನ್ನಂಥವಳಿಗೆ ಹೇಳಿದರೆ ಏನರ್ಥ? ಚೇತನವೇ ವಿಕಲ ಅಂತ ತಾನೇ? ಬೇರೆಯವರಿಗೆ ಮೆತ್ತಗೆ ಮಾಡಿದ ಪದ ನಮಗೆ ಬಂದು ಕುಟುಕುತ್ತದೆ.

ಒಂದು ಸಲ ನಾನೂ ಅರ್ಜಿ ಹಾಕಲು ಹೋಗಿದ್ದೆ. ಕಚೇರಿಯ ಹೆಸರು ಬೇಡ. ಕೌಂಟರಿನಲ್ಲಿದ್ದವನು ಕಾಗದ ನೋಡಿ, ಒಳಗಿದ್ದವರಿಗೆ ಕೇಳುವಂತೆ "ಸಾರ್, ಮೆಂಟಲ್ ಕೇಸು, ಎಲ್ಲಿಗೆ ಕಳಿಸ್ಲಿ?" ಅಂದ. ಹಿಂದೆ ಇಪ್ಪತ್ತು ಜನ. ಅದೂ ಹೋಗಲಿ. ಎರಡು ಪ್ರತಿ ಜೆರಾಕ್ಸ್ ಬೇಕು ಅಂದರು. ಜೆರಾಕ್ಸ್ ಅಂಗಡಿ ಹುಡುಗ ನಮ್ಮ ಬೀದಿಯವನೇ. ಹಾಳೆ ಗಾಜಿನ ಮೇಲೆ ಇಟ್ಟವನು ಮುಚ್ಚಳ ಹಾಕುವ ಮುಂಚೆ ಒಂದು ಕ್ಷಣ ನಿಂತ. ನನ್ನ ಕಡೆ ನೋಡಲಿಲ್ಲ. ಚಿಲ್ಲರೆ ಕೊಡುವಾಗಲೂ ನೋಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಮ್ಮ ಕಾಯಿಲೆಯ ಗುಟ್ಟು ಕಾಪಾಡುವ ಹಕ್ಕು ಕೊಟ್ಟಿದೆ. ಆದರೆ ಕಾರ್ಡಿನ ಮೇಲೆ ವೈಕಲ್ಯದ ಬಗೆ, ಶೇಕಡಾವಾರು ಎರಡೂ ಅಚ್ಚಾಗಿರುತ್ತವೆ. ತೋರಿಸಿದ ಕಡೆಯೆಲ್ಲ ಗುಟ್ಟು ರಟ್ಟು.

ಮದುವೆಯ ಮಾತು ಬೇರೆ. ಕಾಯಿಲೆ ಇದ್ದ ಮಾತ್ರಕ್ಕೆ ಬುದ್ಧಿ ಸ್ಥಿಮಿತವಿಲ್ಲ ಅಂತ ಅರ್ಥವಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಬರೀ ಸ್ಕಿಜೋಫ್ರೇನಿಯಾ ಅನ್ನುವ ಹೆಸರಿನ ಮೇಲೆ ವಿಚ್ಛೇದನ ಕೊಡಲಾಗದು, ಕಾಯಿಲೆಯ ಮಟ್ಟ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ಸಂಬಂಧ ಮುರಿಯುವುದು ಕೋರ್ಟಿನಲ್ಲಲ್ಲ, ದಲ್ಲಾಳಿಯ ಫೋನಿನಲ್ಲಿ.

ನಮಗೆ ನಿಜವಾಗಿ ಬೇಕಾದದ್ದು ಕಾರ್ಡ್ ಇಲ್ಲದೆಯೂ ಸಿಗುತ್ತದೆ. ಚಿಕಿತ್ಸೆ ಪಡೆಯುವುದು 2017ರ ಕಾಯ್ದೆಯಲ್ಲೇ ಹಕ್ಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರಿನಿಂದ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನವರು ಪುಕ್ಕಟೆ ಮಾತಾಡುತ್ತಾರೆ, ಯಾರೂ ಶೇಕಡಾ ಎಷ್ಟು ಅಂತ ಕೇಳುವುದಿಲ್ಲ. ಹಗಲು ಹೋಗಿ ಕೂತು, ಏನಾದರೂ ಕಲಿತು ಬರಲು ಮಾನಸಾಧಾರ ಕೇಂದ್ರಗಳಿವೆ. ಅಂಥವು ಇನ್ನೂ ಜಾಸ್ತಿ ಬೇಕು. ಸರ್ಕಾರಕ್ಕೆ ಕಾರ್ಡ್ ಅಚ್ಚು ಹಾಕುವುದು ಸುಲಭ, ಅಲ್ವಾ?

ಮೇಲೆ ಬರೆದವರ ಅಣ್ಣನಿಗೆ ಕಾರ್ಡ್ ಬೇಡ ಅಂತ ನಾನು ಹೇಳುವುದಿಲ್ಲ. ಆ ಪಿಂಚಣಿ ಬಿಡುವಂಥದ್ದಲ್ಲ. ನನ್ನ ಅರ್ಜಿ ಮಾತ್ರ ಲಿಥಿಯಂ ರಕ್ತಪರೀಕ್ಷೆಯ ಫೈಲಿನಲ್ಲಿ ಹಾಗೇ ಇದೆ. ಎರಡೂ ಜೆರಾಕ್ಸ್ ಪ್ರತಿ ಜೊತೆಗೆ.