ಡ್ರಾಯರಿಗೊಂದು ಕಾನೂನು

ಅಮೆರಿಕದ ಸಂಸತ್ತು 1975ರಲ್ಲಿ ಒಂದು ಕಾನೂನು ಮಾಡಿತು. ಜಗತ್ತೆಲ್ಲ ಮೆಟ್ರಿಕ್ ಆಗುತ್ತಿದೆ, ನಾವೂ ಆಗೋಣ ಅಂತ. ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಆದರೆ ಬಲವಂತ ಏನಿಲ್ಲ, ಮನಸ್ಸಿದ್ದವರು ಬದಲಾಗಿ, ಇಲ್ಲದವರು ಹಾಗೇ ಇರಿ ಎಂದೂ ಅದರಲ್ಲೇ ಇತ್ತು. ಮನಸ್ಸು ಯಾರಿಗಿತ್ತು? ಕಾರು ಕಂಪನಿಗಳಿಗಿತ್ತು, ಹೊರದೇಶಕ್ಕೂ ಕಾರು ಮಾರಬೇಕಲ್ಲ. ಮಿಕ್ಕವರು ಆಕಳಿಸಿದರು. ಈ ಬದಲಾವಣೆ ನೋಡಿಕೊಳ್ಳಲೆಂದು ನೇಮಿಸಿದ್ದ ಮಂಡಳಿಯನ್ನು ರೇಗನ್ ಸರ್ಕಾರ 1982ರಲ್ಲಿ ಮುಚ್ಚಿಯೇ ಬಿಟ್ಟಿತು.

ಮಂಡಳಿ ಮುಚ್ಚಿತು, ಟೂಲ್ ಬಾಕ್ಸ್ ತೆರೆಯಿತು. ಅವತ್ತು ವಾಷಿಂಗ್ಟನ್‌ನಲ್ಲಿ ತೀರ್ಮಾನವಾಗದೆ ಉಳಿದದ್ದನ್ನು ಇವತ್ತಿಗೂ ಅಲ್ಲಿನ ಮನೆಯವರು ತಮ್ಮ ತಮ್ಮ ಗ್ಯಾರೇಜಿನಲ್ಲಿ ಜೋಡಿಸುತ್ತಾ ಕೂತಿದ್ದಾರೆ. ನಟ್ಟು ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಸಾಕೆಟ್ ಎರಡು ಸೆಟ್, ಸ್ಪ್ಯಾನರ್ ಎರಡು ಸೆಟ್, ಅಲೆನ್ ಕೀ ಎರಡು ಸೆಟ್. ಇಂಚಿನದೊಂದು, ಮಿಲಿಮೀಟರಿನದೊಂದು. ಮೂರು ಡ್ರಾಯರಿನ ಪೆಟ್ಟಿಗೆ ಸಾಕಾಗುವ ಮನೆಗೆ ಆರು ಡ್ರಾಯರ್. ಈ ಗೊಂದಲದಿಂದ ನಷ್ಟವೇ ಆಗದವರು ಪೆಟ್ಟಿಗೆ ಮಾರುವವರು ಮಾತ್ರ.

ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಕೊಂಡ ನಮ್ಮ ಕನ್ನಡದ ಇಂಜಿನಿಯರನ್ನೇ ನೋಡಿ. ಬಸವನಗುಡಿಯಲ್ಲಿ ಇದ್ದಾಗ ಸ್ಕೂಟರಿನ ಪ್ಲಗ್ ಬಿಚ್ಚಲೂ ಮೆಕ್ಯಾನಿಕ್ಕೇ ಬೇಕಿತ್ತು. ಅಲ್ಲಿ ಮೆಕ್ಯಾನಿಕ್ಕಿನ ಗಂಟೆಯ ಕೂಲಿ ಕೇಳಿದ ಮೇಲೆ ಕೈಗೆ ತಾನಾಗಿ ವಿದ್ಯೆ ಬರುತ್ತದೆ. ಶನಿವಾರ ಬೆಳಿಗ್ಗೆ ಡ್ರಾಯರ್ ಜೋಡಿಸಲು ಕೂರುತ್ತಾನೆ. ಮೆಟ್ರಿಕ್ ಸಾಲು ಕಾಫಿ ಆರುವುದರೊಳಗೆ ಮುಗಿಯುತ್ತದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು. ಅಂಗನವಾಡಿ ಮಗುವೂ ಜೋಡಿಸಬಹುದು.

ಆಮೇಲೆ ಇಂಚಿನ ಸಾಲು. 11/32 ದೊಡ್ಡದೋ 3/8 ದೊಡ್ಡದೋ? 7/16 ಆದಮೇಲೆ 15/32 ಬರಬೇಕೋ 1/2 ಬರಬೇಕೋ? ಐಐಟಿ ಪಾಸಾಗಿ, ಎಂಎಸ್ ಮಾಡಿ, ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಮನುಷ್ಯ ಗ್ಯಾರೇಜಿನ ನೆಲದಲ್ಲಿ ಕೂತು ಛೇದ ಸಮ ಮಾಡಲು ಲ.ಸಾ.ಅ. ಹುಡುಕುತ್ತಾನೆ. ಐದನೇ ಕ್ಲಾಸಿನ ಮೇಷ್ಟ್ರು ನೋಡಿದ್ದರೆ ಖುಷಿಪಡುತ್ತಿದ್ದರು. ಬೆಂಗಳೂರಿನ ಯಾವ ಗ್ಯಾರೇಜಿನಲ್ಲಾದರೂ ಕಾರಿನಡಿ ಮಲಗಿದವನು ‘ಹನ್ನೆರಡು ಹದಿಮೂರು ಕೊಡೋ’ ಅಂದರೆ ಹುಡುಗ ಆ ಸ್ಪ್ಯಾನರನ್ನು ನೋಡದೇ ಎತ್ತಿಕೊಡುತ್ತಾನೆ. ಅಲ್ಲಿ ‘ಇದಕ್ಕಿಂತ ಒಂದು ಸೈಜು ದೊಡ್ಡದು ಕೊಡು’ ಅಂದರೆ ಪೆನ್ಸಿಲ್ಲು, ಪೇಪರು ಬೇಕು.

ಎರಡೂ ಸೆಟ್ಟು ಬೇಡ, ಒಂದನ್ನು ಎಸೆಯೋಣ ಅಂದರೆ ಅದೂ ಆಗುವುದಿಲ್ಲ. ಮುಕ್ಕಾಲು ಇಂಚಿಗೂ 19 ಮಿಲಿಮೀಟರಿಗೂ ಇರುವ ವ್ಯತ್ಯಾಸ 0.05 ಮಿಲಿಮೀಟರ್, ಅಲ್ಲಿ ನಟ್ಟು ತಕರಾರು ಮಾಡುವುದಿಲ್ಲ. ಅದೇ ಧೈರ್ಯದಲ್ಲಿ ಅರ್ಧ ಇಂಚಿನ ಬೋಲ್ಟಿಗೆ 13ರ ಸಾಕೆಟ್ ಹಾಕಿ ತಿರುಗಿಸಿ. ಬರೀ 0.3 ಮಿಲಿಮೀಟರ್ ಸಡಿಲ. ಬೋಲ್ಟು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಅಷ್ಟೇ ಸಾಕು, ಮೂಲೆಗಳು ಸವೆದು ತಲೆ ನಿಂಬೆಹಣ್ಣಿನ ಹಾಗೆ ದುಂಡಗಾಗುತ್ತದೆ. ಹಾಗಾಗಿ ಮೆಟ್ರಿಕ್ಕಿಗೆ ನೀಲಿ ಲೇಬಲ್, ಇಂಚಿಗೆ ಕೆಂಪು ಲೇಬಲ್, ನಡುವೆ ಗಡಿರೇಖೆ.

ಇಷ್ಟೆಲ್ಲ ಪ್ರಾಣ ಕೊಟ್ಟು ಉಳಿಸಿಕೊಂಡ ಆ ಇಂಚಾದರೂ ಸ್ವತಂತ್ರವೇ? 1959ರಿಂದ ಅದರ ಅಧಿಕೃತ ಉದ್ದ ಸರಿಯಾಗಿ 25.4 ಮಿಲಿಮೀಟರ್. ಅಂದರೆ ಮಿಲಿಮೀಟರಿನ ಮನೆಯಲ್ಲೇ ಬಾಡಿಗೆಗಿದ್ದುಕೊಂಡು ಮಿಲಿಮೀಟರಿಗೆ ಬೈಯುವುದು. 1999ರಲ್ಲಿ ಮಂಗಳ ಸುತ್ತಬೇಕಿದ್ದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದೂ ಇದೇ ಜಗಳದಲ್ಲಿ. ಒಂದು ತಂಡ ಪೌಂಡಿನಲ್ಲಿ ಲೆಕ್ಕ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡಿತು. ಡ್ರಾಯರ್ ಕಲೆಸಿಹೋಗಿತ್ತು, ಅಷ್ಟೇ.

ಕಳೆದುಹೋಗುವುದರ ಮಾತು ಬಂತು. ಅಲ್ಲಿನ ಗ್ಯಾರೇಜುಗಳಲ್ಲಿ ಸದಾ ಕಾಣೆಯಾಗುವ ಸಾಕೆಟ್ ಯಾವುದು ಗೊತ್ತಾ? 10 ಎಂಎಂ. ಬ್ಯಾಟರಿ ಟರ್ಮಿನಲ್ಲಿನಿಂದ ಹಿಡಿದು ಬಾನೆಟ್ಟಿನೊಳಗೆ ಎಲ್ಲಿ ಕೈ ಹಾಕಿದರೂ ಅದೇ ಬೇಕು, ಅದೇ ಇರುವುದಿಲ್ಲ. ಬರೀ 10 ಎಂಎಂ ಸಾಕೆಟ್ಟುಗಳನ್ನೇ ತುಂಬಿದ ಡಬ್ಬಿ ಮಾರುವವರೂ ಇದ್ದಾರೆ! ಇದಕ್ಕೆ ಐತಿಹಾಸಿಕ ಹಿನ್ನೆಲೆಯಿದೆ ಎಂಬುದು ನನ್ನ ಸಂಶೋಧನೆ. 1794ರಲ್ಲಿ ಜೋಸೆಫ್ ದೊಂಬೆ ಎಂಬ ಫ್ರೆಂಚ್ ವಿಜ್ಞಾನಿ ಮೀಟರಿನ ಅಳತೆಪಟ್ಟಿ, ಕಿಲೋ ತೂಕದ ತಾಮ್ರದ ಬಟ್ಟು ಎರಡನ್ನೂ ಹಿಡಿದು ಅಮೆರಿಕದ ನಾಯಕ ಜೆಫರ್ಸನ್‌ಗೆ ತೋರಿಸಲು ಹಡಗು ಹತ್ತಿದ. ಬಿರುಗಾಳಿ ಹಡಗನ್ನು ಕೆರಿಬಿಯನ್ನಿಗೆ ತಳ್ಳಿತು, ಕಡಲುಗಳ್ಳರು ಹಿಡಿದರು, ಆತ ಮಾಂಟ್ಸೆರಾಟ್ ದ್ವೀಪದ ಸೆರೆಯಲ್ಲೇ ಸತ್ತ. ಮೆಟ್ರಿಕ್ ಸಾಮಾನು ಅಮೆರಿಕದಲ್ಲಿ ಕೈಗೆ ಸಿಗದಿರುವುದು ಅವತ್ತಿನಿಂದ ನಡೆದುಬಂದ ಸಂಪ್ರದಾಯ.

ನಗಬೇಡಿ, ನಮ್ಮದೂ ಇದೆ. ನಾವು 1956ರಲ್ಲೇ ಕಾನೂನು ಮಾಡಿ ಮೆಟ್ರಿಕ್ ಆದೆವು, ಆದರೆ ಸೈಟು ಇವತ್ತಿಗೂ ಥರ್ಟಿ ಫಾರ್ಟಿ, ನಲ್ಲಿಯ ಪೈಪು ಅರ್ಧ ಇಂಚು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ 17 ಎಂಎಂ ಸಾಕೆಟ್ ಕೊಂಡು ಹಿಂದೆ ತಿರುಗಿಸಿ ನೋಡಿ, ಅದನ್ನು ತಿರುಗಿಸುವ ಹಿಡಿಕೆ, ಅಂದರೆ ರ‍್ಯಾಚೆಟ್, ಕೂರುವ ಚೌಕ ತೂತು ಅರ್ಧ ಇಂಚಿನದು. ಒಂದೇ ತುಂಡು ಉಕ್ಕು, ಮುಂದೆ ಫ್ರಾನ್ಸ್, ಹಿಂದೆ ಇಂಗ್ಲೆಂಡ್. ಅದನ್ನು ಹಿಡಿದು ಕಾರಿನ ಚಕ್ರದ ಬಳಿ ಕೂತರೆ ಟೈರಿನ ಮೇಲೆ 205/55 ಆರ್16 ಎಂದು ಬರೆದಿರುತ್ತದೆ. ಅಗಲ ಮಿಲಿಮೀಟರಿನಲ್ಲಿ, ಎತ್ತರ ಶೇಕಡಾದಲ್ಲಿ, ರಿಮ್ಮು ಇಂಚಿನಲ್ಲಿ. ಗಾಳಿ ಎಷ್ಟು ಹಾಕಲಿ ಎಂದು ಬಂಕಿನ ಹುಡುಗ ಕೇಳಿದರೆ ನಾವು ಹೇಳುವುದು ಪೌಂಡಿನಲ್ಲಿ.