ಹವ್ಯಾಸಿಯೆಂಬ ಬಿರುದು

‘ಹವ್ಯಾಸಿ’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಗಲೆಲ್ಲ ಬ್ಯಾಂಕಿನಲ್ಲಿ ಲೆಡ್ಜರು ಬರೆದು, ಸಂಜೆ ಮುಖಕ್ಕೆ ಬಣ್ಣ ಹಚ್ಚಿ, ಕೈಯಿಂದಲೇ ದುಡ್ಡು ಹಾಕಿ ನಾಟಕವಾಡುವ ಪುಣ್ಯಾತ್ಮರು. 1963ರಲ್ಲಿ, ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳಿ ಗುಳಿಗೆ ಬೀಳಿಸುವ ಸ್ನೂಕರ್ ಆಟದ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಕೋಲ್ಕತ್ತದಲ್ಲಿ ಮೊದಲ ಬಾರಿಗೆ ನಡೆದಾಗ ಆ ಪದಕ್ಕೆ ಇನ್ನೂ ಇದೇ ಅರ್ಥವಿತ್ತು. ಗೆದ್ದ ಗ್ಯಾರಿ ಓವನ್ ಇಂಗ್ಲೆಂಡಿನಲ್ಲಿ ಅಗ್ನಿಶಾಮಕ ದಳದ ನೌಕರರಾಗಿದ್ದವರು. ಚೆಂಡು ಗುಳಿಗೆ ಬೀಳದಿದ್ದರೂ ಬೆಂಕಿ ನಂದಿಸಿ ಅನ್ನ ಸಂಪಾದಿಸಬಲ್ಲವರು.

ಇಂದು ಅದೇ ಪಂದ್ಯಾವಳಿಗೆ ಬರುವವರು ಬೆಳಗಿನಿಂದ ರಾತ್ರಿಯವರೆಗೆ ಕ್ಯೂ ಎಂಬ ಆ ಕೋಲು ಹಿಡಿದೇ ಬದುಕುತ್ತಾರೆ. 2014ರಲ್ಲಿ ಬೆಂಗಳೂರಿನಲ್ಲಿ ಚೀನಾದ ಯಾನ್ ಬಿಂಗ್‌ಟಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು 8–7 ಫ್ರೇಮುಗಳಿಂದ (ಅಂದರೆ ಸುತ್ತುಗಳಿಂದ) ಸೋಲಿಸಿ ವಿಶ್ವವಿಜೇತನಾದಾಗ ಅವನ ವಯಸ್ಸು 14. ಹವ್ಯಾಸಕ್ಕೆ ಬಿಡುವು ಮಾಡಿಕೊಳ್ಳಲು ಅವನಿಗೆ ಇನ್ನೂ ಒಂದು ಉದ್ಯೋಗವೇ ಇರಲಿಲ್ಲ. ಇನ್ನು ಬಹುಮಾನದ ವಿಚಾರ: ಹವ್ಯಾಸಿಗಳಲ್ಲೆಲ್ಲ ಶ್ರೇಷ್ಠನೆಂದು ಸಾಬೀತಾದವನಿಗೆ ವೃತ್ತಿಪರ ವಲಯದಲ್ಲಿ ಎರಡು ವರ್ಷ ಆಡುವ ಪರವಾನಗಿ ಕೊಡುವುದು ಈಚಿನ ವರ್ಷಗಳ ಸಂಪ್ರದಾಯ. ಅಖಿಲ ಭಾರತ ಬ್ರಹ್ಮಚಾರಿಗಳ ಸ್ಪರ್ಧೆಯನ್ನು ಏರ್ಪಡಿಸಿ, ಮೊದಲ ಸ್ಥಾನ ಪಡೆದವನಿಗೆ ವೇದಿಕೆಯ ಮೇಲೆಯೇ ಮದುವೆ ಮಾಡಿಸಿದಂತೆ.

ನಮ್ಮ ಬೆಂಗಳೂರಿನ ಪಂಕಜ್ ಆಡ್ವಾಣಿ ಈ ಸಂಸಾರವನ್ನೂ ನೋಡಿ ಬಂದವರು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ 18ನೇ ವಯಸ್ಸಿಗೇ ಹವ್ಯಾಸಿ ಕಿರೀಟ ಧರಿಸಿದ ಅವರು 2012ರಲ್ಲಿ ವೃತ್ತಿಪರರಾದರು. ಮರುವರ್ಷ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದರು. 2014ರಲ್ಲಿ ವೃತ್ತಿಪರ ವಲಯವನ್ನು ಬಿಟ್ಟು ಊರಿಗೆ ಮರಳಿದರು. ಗೃಹಸ್ಥಾಶ್ರಮದಿಂದ ಬ್ರಹ್ಮಚರ್ಯಕ್ಕೆ ಹಿಂದಿರುಗಲು ಶಾಸ್ತ್ರದಲ್ಲಿ ಅವಕಾಶವಿಲ್ಲ, ಸ್ನೂಕರ್‌ನಲ್ಲಿ ಧಾರಾಳವಾಗಿದೆ: 2015ರಲ್ಲಿ ಈಜಿಪ್ಟಿನ ಹುರ್ಘಾಡದಲ್ಲಿ, 2017ರಲ್ಲಿ ದೋಹಾದಲ್ಲಿ ಅವರು ಮತ್ತೆ ವಿಶ್ವ ಹವ್ಯಾಸಿ ಚಾಂಪಿಯನ್ ಆದರು. ಬಿಲಿಯರ್ಡ್ಸ್ ಸೇರಿಸಿ ಎಣಿಸಿದರೆ 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಸರ್ಕಾರ ಖೇಲ್ ರತ್ನ ಕೊಟ್ಟಿದೆ, 2018ರಲ್ಲಿ ಪದ್ಮಭೂಷಣವನ್ನೂ ಕೊಟ್ಟಿದೆ. ಒಬ್ಬ ಮನುಷ್ಯ ಬಿಡುವಿನ ವೇಳೆಯಲ್ಲಿ ಇಷ್ಟು ಮಾಡುವುದಾದರೆ, ಪೂರ್ಣಾವಧಿ ದುಡಿಯುವ ನಾವೆಲ್ಲ ಏನು ಮಾಡುತ್ತಿದ್ದೇವೆಂದು ಯಾರೂ ವಿಚಾರಿಸದಿರುವುದು ನಮ್ಮ ಪುಣ್ಯ. (ಆಡ್ವಾಣಿಯವರ ಆಟದ ಬಗ್ಗೆ ನನಗೆ ಗೌರವವಷ್ಟೇ ಇದೆ, ತಕರಾರಿರುವುದು ಪದದ ಬಗ್ಗೆ.)

ಇನ್ನೊಂದು ವಿಶೇಷ. ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಈ ಬೆಂಗಳೂರಿಗರು ಆಡುತ್ತ ಬಂದಿರುವುದು ಕರ್ನಾಟಕದ ಪರವಾಗಿಯಲ್ಲ, ತೈಲ ಕಂಪನಿಗಳ ನೌಕರ-ಆಟಗಾರರನ್ನು ಕಣಕ್ಕಿಳಿಸುವ ಪೆಟ್ರೋಲಿಯಂ ಕ್ರೀಡಾ ಉತ್ತೇಜನ ಮಂಡಳಿಯ ಪರವಾಗಿ. ಕ್ರೀಡಾ ನಕ್ಷೆಯಲ್ಲಿ ಪೆಟ್ರೋಲಿಯಂ ಕೂಡ ಒಂದು ರಾಜ್ಯ. ಭೂಮಿಯ ಮೇಲೆ ಅದಕ್ಕೆ ಗಡಿಯಿಲ್ಲ, ವಿವಾದವೆಲ್ಲ ನೆಲದಡಿಯಲ್ಲಿ. ಆದರೂ ಆ ರಾಜ್ಯದ ಪ್ರಜೆಗಳಿಗೆ ಒಂದು ಅನುಕೂಲವಿದೆ. ವೇಸ್ಟ್‌ಕೋಟು, ಬೋ ಟೈ ತೊಟ್ಟು ಗೆದ್ದ ಪದಕಗಳ ಪಟ್ಟಿಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ಹೆಣ್ಣಿನ ಕಡೆಯ ಹಿರಿಯರು, “ಅದು ಸರಿಯಪ್ಪ, ಕೆಲಸ ಏನು ಮಾಡ್ತೀರಿ?” ಎಂದು ಕೇಳಿದಾಗ, ಸಂಕೋಚವಿಲ್ಲದೆ “ಪೆಟ್ರೋಲಿಯಂನಲ್ಲಿದ್ದೇನೆ” ಎನ್ನಬಹುದು.